ನೀರುಗಂಟಿಯ ಮಗನ ಟ್ರಾಕ್ಟರ್

2022ರ ಸೆಪ್ಟೆಂಬರ್ 4, ಭಾನುವಾರ. ಆ ರಾತ್ರಿ ಸುರಿದ ಮಳೆಯನ್ನು ಬೆಂಗಳೂರಿನ ಬೆಳ್ಳಂದೂರು ಕಡೆಯವರು ಯಾರೂ ಮರೆತಿರಲಾರರು. ಬೆಳಗಾಗುವಷ್ಟರಲ್ಲಿ ಇಕೋಸ್ಪೇಸ್ ಟೆಕ್ ಪಾರ್ಕ್ ಎದುರಿನ ಹೊರವರ್ತುಲ ರಸ್ತೆ ಹೊಳೆಯಾಗಿತ್ತು. ಕಚೇರಿ ಬಸ್ಸಿಲ್ಲ, ಕ್ಯಾಬಿಲ್ಲ. ತಲೆಗೆ 50 ರೂಪಾಯಿಯಂತೆ ಟ್ರಾಕ್ಟರುಗಳು ಎಂಜಿನಿಯರುಗಳನ್ನು ದಾಟಿಸತೊಡಗಿದವು. ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ನಾನೂ ಒಂದನ್ನು ಹತ್ತಿದೆ.

ಓಡಿಸುತ್ತಿದ್ದವರು ಅರವತ್ತು ದಾಟಿದ ಹಿರಿಯರು, ಅಲ್ಲಿನ ಹಳ್ಳಿಯವರೇ. ರಸ್ತೆಯೇ ಕಾಣದ ನೀರಿನಲ್ಲಿ ಒಂದೆಡೆ ಎಡಕ್ಕೆ ಒತ್ತುತ್ತಿದ್ದರು, ಇನ್ನೊಂದೆಡೆ ಬೇಕೆಂದೇ ಬಳಸಿ ಹೋಗುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ನಮ್ಮಪ್ಪ ನೀರುಗಂಟಿ ಕಣಪ್ಪ" ಎಂದರು. ಕೆರೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುತ್ತಿದ್ದವರ ಮಗ. "ಸೌಳುಕೆರೆ ಕೋಡಿ ಬಿದ್ರೆ ನೀರು ಇದೇ ಕಡೆಯಿಂದ ಬೆಳ್ಳಂದೂರು ಕೆರೆಗೆ ಹೋಗ್ಬೇಕು. ಅದು ಅದರ ದಾರಿ ಹಿಡಿದದೆ, ಅಷ್ಟೆ."

ಬೆಳ್ಳಂದೂರು, ಪಣತ್ತೂರು, ಕಾಡುಬೀಸನಹಳ್ಳಿಗಳಲ್ಲಿ ನಾವು ಮನೆ ಹುಡುಕುವುದು ಒಂದೇ ಅಳತೆಯಿಂದ: ಆಫೀಸಿಗೆ ಎಷ್ಟು ನಿಮಿಷ? ಸಿಲ್ಕ್ ಬೋರ್ಡಿನ ದಟ್ಟಣೆ ತಪ್ಪುವುದಾದರೆ ಬಾಡಿಗೆ ಎಷ್ಟಾದರೂ ಸರಿ. ಅದನ್ನು ನೋಡಿಯೇ ಮೂವತ್ತು–ನಲವತ್ತರ ಸೈಟುಗಳಲ್ಲಿ ಐದೈದು ಮಹಡಿಯ ಪಿಜಿಗಳು ಎದ್ದವು. ಕರಾರು 11 ತಿಂಗಳದ್ದು. ಕೆಲಸ ಬದಲಾದರೆ ಮನೆಯೂ ಬದಲು. ಕೆರೆಯ ಕೋಡಿ ಯಾವ ಕಡೆಗಿದೆಯೆಂದು ತಿಳಿಯುವಷ್ಟು ಕಾಲ ಯಾರೂ ಅಲ್ಲಿ ನಿಲ್ಲುವುದಿಲ್ಲ. ಈ ಊರು ಕಳೆದುಕೊಂಡದ್ದರಲ್ಲಿ ಆ ತಿಳಿವಳಿಕೆಯೇ ದೊಡ್ಡದೆಂದು ನನಗನ್ನಿಸುತ್ತದೆ, ಗದ್ದೆಗಿಂತ, ತೋಪುಗಳಿಗಿಂತ.

ನಿಮ್ಮ ಗದ್ದೆ ಎಲ್ಲಿತ್ತು ಎಂದೆ. ಗದ್ದ ಎತ್ತಿ ಒಂದು ಪಿಜಿಯತ್ತ ತೋರಿಸಿದರು. ತಾವೇ ಕಟ್ಟಿಸಿದ್ದಂತೆ, ಮಗ ನೋಡಿಕೊಳ್ಳುತ್ತಾನಂತೆ. "ಭತ್ತ ಬೆಳೆದು ಇಬ್ಬರು ಹೆಣ್ಮಕ್ಕಳ ಮದುವೆ ಮಾಡೋಕಾಗ್ತಿತ್ತಾ?" ಅದರ ನೆಲಮಹಡಿಯಲ್ಲೂ ಮೊಣಕಾಲುದ್ದ ನೀರು. ಅವರನ್ನು ದೂರುವ ಮನಸ್ಸು ನನಗೆ ಆಗಲೂ ಬರಲಿಲ್ಲ, ಈಗಲೂ ಇಲ್ಲ. ಮುಂಗಡ ಹಿಡಿದು ಬಾಗಿಲಲ್ಲಿ ನಿಂತವರು ನಾವೇ ಅಲ್ಲವೇ.

ಮುಂದಿನ ವಾರ ಮಹದೇವಪುರದ ಕಡೆ ರಾಜಕಾಲುವೆಯ ಒತ್ತುವರಿ ತೆರವಿಗೆ ಪಾಲಿಕೆಯ ಜೆಸಿಬಿಗಳು ಬಂದವು. ನೀರು ನುಗ್ಗಿ ಖಾಲಿಯಾಗಿದ್ದ ನಮ್ಮ ಕಟ್ಟಡದ ನೆಲಮಹಡಿ, ಸುಣ್ಣ ಬಳಿದ ಮೇಲೆ ಮತ್ತೆ ತುಂಬಿತು. ಹೊಸದಾಗಿ ಬಂದ ಹುಡುಗರನ್ನು ಒಂದು ಭಾನುವಾರ ಸೌಳುಕೆರೆಗೆ ಕರೆದುಕೊಂಡು ಹೋದೆ. ನೀರು ಹೊರಬೀಳುವ ಕಡೆ ಯಾವುದು, ಅಲ್ಲಿಂದ ಎತ್ತ ಹರಿಯುತ್ತದೆ, ಜೋರು ಮಳೆ ಹಿಡಿದ ರಾತ್ರಿ ಬೈಕು ಎಲ್ಲಿ ನಿಲ್ಲಿಸಬೇಕು, ಎಲ್ಲವನ್ನೂ ಹೇಳಿದೆ.