ಕೆಂಗೇರಿಯಿಂದ ಮಡಿಕೇರಿಗೆ ಒಂದು ಮಾತ್ರೆಯ ದಾರಿ

ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಬಸ್ಸಿನಲ್ಲಿ ಹೋದವರಿಗೆ ವೃಷಭಾವತಿಯ ಪರಿಚಯ ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿದ್ದರೂ ಮೂಗಿಗೆ ತಿಳಿಯುತ್ತದೆ. ನಾಯಂಡಹಳ್ಳಿಯ ವಾಹನಗಳ ನಡುವೆ ಬಸ್ಸು ನಿಂತು, ಜಗ್ಗಿ, ಮತ್ತೆ ನಿಲ್ಲುವಾಗ ದುಪಟ್ಟಾವನ್ನು ಮೂಗಿಗೊತ್ತಿ ಕುಳಿತ ಸಹೋದರಿಯರನ್ನು ನೀವೂ ಕಂಡಿರಬಹುದು.

ನನ್ನ ಉಮ್ಮ ಅವರಲ್ಲೊಬ್ಬರು. ನಮ್ಮ ಮನೆ ಕೆಂಗೇರಿ ಉಪನಗರದಲ್ಲಿ, ತಂಗಿಯ ಮನೆ ಮಡಿಕೇರಿಯಲ್ಲಿ. "ಬಸ್ಸು ಹತ್ತಿದರೆ ಕರುಳೇ ಬಾಯಿಗೆ ಬರುತ್ತದೆ, ನೀವೇ ಹೋಗಿ ಬನ್ನಿ" ಎಂದು ಅವರು ಮೂರು ವರ್ಷ ಮಗಳ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ತಂಗಿಗೆ ಹೆಣ್ಣು ಮಗುವಾದಾಗ ಮಾತ್ರ ತಡೆಯಲಾಗದೆ ಹೊರಟರು.

ಹಿಂದೆ ಮಗನ ವಾಂತಿ ಭೇದಿಗೆ ತಂದಿದ್ದ ಮಾತ್ರೆ ಮನೆಯಲ್ಲಿ ಉಳಿದಿತ್ತು. ಅದನ್ನೇ ಕೊಟ್ಟೆ. ಕುಶಾಲನಗರದವರೆಗೆ ತೊಂದರೆಯಿರಲಿಲ್ಲ. ಸುಂಟಿಕೊಪ್ಪ ದಾಟಿ ತಿರುವುಗಳು ಬಂದಾಗ ವಾಂತಿ ಶುರುವಾಯಿತು. ಪಕ್ಕದವರು ಕೊಟ್ಟ ಅವೊಮಿನ್ ನುಂಗಿಸಿದೆ, ಅದೂ ಹೊರಬಂತು. "ಮಾತ್ರೆಯೇ ಸುಳ್ಳು" ಎಂದರು ಉಮ್ಮ.

ಸುಳ್ಳಾಗಿದ್ದು ಮಾತ್ರೆಯಲ್ಲ, ನನ್ನ ತಿಳುವಳಿಕೆ. ಮಡಿಕೇರಿಯಲ್ಲಿ ವೈದ್ಯರೊಬ್ಬರು ಬಿಡಿಸಿ ಹೇಳಿದರು. ಬಸ್ಸು ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ. ಎದುರಿನ ಸೀಟನ್ನೇ ನೋಡುವ ಕಣ್ಣು, ಇಲ್ಲ, ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಗೊಂದಲ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಗಳ ಮೂಲಕ ಮಿದುಳಿನ ವಾಂತಿ ಕೇಂದ್ರವನ್ನು ಕೆಣಕುತ್ತದೆ. ಅವೊಮಿನ್‌ನಲ್ಲಿರುವ ಪ್ರೊಮೆಥಜಿನ್ ಆ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತದೆ. ಆದರೆ ಮನೆಯಲ್ಲಿದ್ದ ಒಂಡಾನ್ಸೆಟ್ರಾನ್ ತಡೆಯುವುದು ಸೆರೊಟೋನಿನ್ ಎಂಬ ಬೇರೆಯೇ ರಾಸಾಯನಿಕವನ್ನು. ಹೊಟ್ಟೆ ಕೆಟ್ಟಾಗಿನ ವಾಂತಿಗೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಅದು ಒಳ್ಳೆಯದು. ಬಸ್ಸಿನ ವಾಂತಿಗೆ ಅಷ್ಟಾಗಿ ನೆರವಾಗದು.

ಎರಡನೆಯ ಮಾತು ಸಮಯದ್ದು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ರಕ್ತ ಸೇರುವ ಮೊದಲೇ ಹೊರಬೀಳುತ್ತದೆ. ಅವೊಮಿನ್ ಅನ್ನು ಹೊರಡುವ ಒಂದೆರಡು ಗಂಟೆ ಮೊದಲು, ದೂರ ಪ್ರಯಾಣವಾದರೆ ಹಿಂದಿನ ರಾತ್ರಿ ಮಲಗುವಾಗ ತೆಗೆದುಕೊಳ್ಳಬೇಕು. ಡೈಮೆನ್‌ಹೈಡ್ರಿನೇಟ್ ಅರ್ಧ ಗಂಟೆ ಮೊದಲು ಸಾಕು, ಆದರೆ ಅದರ ಬಲ 4ರಿಂದ 6 ಗಂಟೆ ಮಾತ್ರ. ಕೆಂಗೇರಿಯಲ್ಲಿ ನುಂಗಿದರೆ ಘಟ್ಟದ ತಿರುವು ಬರುವಾಗ ಇಳಿಯತೊಡಗಬಹುದು.

ಇವು ನಿದ್ದೆ ಬರಿಸುತ್ತವೆ, ಬಾಯಿ ಒಣಗಿಸುತ್ತವೆ. ನುಂಗಿದವರು ವಾಹನ ಓಡಿಸಬಾರದು. ಪ್ರೊಮೆಥಜಿನ್ ಅನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಗರ್ಭಿಣಿಯರು, ಕಣ್ಣಿನ ಗ್ಲಾಕೋಮಾ ಇದ್ದವರು ವೈದ್ಯರನ್ನು ಕೇಳದೆ ನುಂಗಬಾರದು.

ವಾಪಸು ಬರುವಾಗ ಉಮ್ಮನಿಗೆ ಬೆಳಿಗ್ಗೆ ಎರಡು ಇಡ್ಲಿ ತಿನ್ನಿಸಿ, ಎರಡು ಗಂಟೆ ಮೊದಲೇ ಮಾತ್ರೆ ಕೊಟ್ಟು, ಮುಂದಿನ ಕಿಟಕಿಯ ಸೀಟಿನಲ್ಲಿ ಕೂರಿಸಿದೆ. ತಿರುವುಗಳೆಲ್ಲ ನಿದ್ದೆಯಲ್ಲೇ ಕಳೆದವು. ಕೊನೆಗೆ ಮೂಗು ಮುಚ್ಚಿಕೊಂಡು ಎಚ್ಚರಗೊಂಡರು.

"ವೃಷಭಾವತಿ ಬಂತಲ್ಲ! ಕೆಂಗೇರಿಯಾ?"

ಕೈಹಿಡಿದು ಇಳಿಸಿದೆ. ನಿದ್ದೆಗಣ್ಣಿನಲ್ಲೇ ಕೇಳಿದರು: "ಮಗುವಿನ ನಲವತ್ತಕ್ಕೆ ಯಾವ ಬಸ್ಸಿಗೆ ಹೋಗೋಣ?"