ಓಲೆಬೆಲ್ಲದ ನಾಲ್ಕು ತುಂಡು

ಅಕ್ಕಂದ್ರೇ, ತಂಗೆಕ್ಕಳೇ, ಈ ಸರ್ತಿ ಅಡಿಗೆ ವಿಷಯ ಬೇಡ. ಒಂದು ತಮಿಳು ಸಿನೆಮದ ಶುದ್ದಿ ಹೇಳ್ತೆ. ಹೆಸರು 'ಸಿಲ್ಲು ಕರುಪಟ್ಟಿ'. ಕರುಪಟ್ಟಿ ಹೇಳಿರೆ ತಾಳೆಮರದ ರಸ ಕಾಸಿ ಮಾಡುವ ಕಪ್ಪು ಬೆಲ್ಲ. ನಮ್ಮ ಹೊಡೆಲಿ ಓಲೆಬೆಲ್ಲ ಹೇಳ್ತವಲ್ಲದೋ, ಅದುವೇ. ಸಿಲ್ಲು ಹೇಳಿರೆ ತುಂಡು. ಹೆಸರಿಂಗೆ ತಕ್ಕ ಹಾಂಗೆ ಅದರ್ಲಿ ಸಣ್ಣ ಸಣ್ಣ ನಾಲ್ಕು ಕಥೆ ಇದ್ದು.

2019ರ ಡಿಸೆಂಬರಿಲಿ ಬಂದ ಸಿನೆಮ ಇದು. ಮಾಡಿದ್ದು ಹಲಿತಾ ಶಮೀಮ್ ಹೇಳ್ತ ಹೆಣ್ಣುಮಗಳು. ಅದರದ್ದು ಇದರಂದ ಮೊದಲು ಬಂದದು 2014ರ 'ಪೂವರಸಂ ಪೀಪೀ' ಒಂದೇ. ಹೊಸಬ್ಬರ ಸಣ್ಣ ಸಿನೆಮಂಗಳ ಒಟ್ಟು ಸೇರ್ಸಿ ಟಾಕೀಸಿಂಗೆ ತಪ್ಪ ಕ್ರಮ ತಮಿಳಿಲಿ ಮೊದಲೇ ಇತ್ತು. 2015ರ 'ಬೆಂಚ್ ಟಾಕೀಸ್'ಲಿ ಹಾಂಗಿಪ್ಪದು ಆರು. 2016ರ 'ಅವಿಯಲ್'ಲಿ ಒಂದರ ಮಾಡಿದ್ದು ಲೋಕೇಶ್ ಕನಗರಾಜ್. ಈಗ ರಜನಿಕಾಂತನ ಸಿನೆಮ ಮಾಡ್ತಷ್ಟು ದೊಡ್ಡ ಜೆನ ಆಯಿದ. ನಮ್ಮಲ್ಲಿಯೂ ಪುಟ್ಟಣ್ಣ ಕಣಗಾಲ್ ಮೂರು ಕಥೆಯ 'ಕಥಾಸಂಗಮ' ಮಾಡಿದ್ದು ನಿಂಗೊಗೆ ನೆಂಪಿಕ್ಕು. ಅದೇ ಹೆಸರಿಲಿ 2019ರಲ್ಲಿ ಏಳು ಜೆನ ನಿರ್ದೇಶಕರ ಏಳು ಕಥೆಯೂ ಬಂತು.

ಎನಗೆ ಮಲಯಾಳ ಗೊಂತಿಪ್ಪ ಕಾರಣ ತಮಿಳು ಮುಕ್ಕಾಲು ಅರ್ಥ ಆತು. ಒಳುದ್ದರ ಮಗಳು ಹೇಳಿತ್ತು.

ಸುರುವಾಣದ್ದು ಕಸವು ಹೆರ್ಕುವ ಮಾಣಿಯ ಕಥೆ. ದೊಡ್ಡ ಮನೆಯ ಕೂಸಿನ ಗುಲಾಬಿ ಬಣ್ಣದ ಚೀಲ ಅವಂಗೆ ಸಿಕ್ಕುತ್ತು. ಎರಡ್ನೇದರ ಹೆಸರು 'ಕಾಕ್ಕಾ ಕಡಿ'. ಸಣ್ಣಾದಿಪ್ಪಗ ಮಿಠಾಯಿಯ ಲಂಗದ ಕರೆಲಿ ಸುತ್ತಿ, ಕಚ್ಚಿ ತುಂಡು ಮಾಡಿ ಹಂಚಿಗೊಂಡು ತಿಂದದು ನೆಂಪಿದ್ದೋ? ಅದೇ, ಕಾಕೆ ಎಂಜಲು! ಕ್ಯಾನ್ಸರ್ ಬಂದು, ನಿಶ್ಚಯ ಆದ ಮದುವೆ ಮುರುದ ಮಾಣಿಯೂ, ಬಾಡಿಗೆ ಕಾರಿಲಿ ಅವನೊಟ್ಟಿಂಗೆ ಹೋಪ ಒಂದು ಕೂಸೂ ಆ ಕಥೆಲಿ ಇಪ್ಪದು.

ಅಕೇರಿಯಾಣದ್ದು 'ಹೇ ಅಮ್ಮು'. ಗೆಂಡ ಸಮುದ್ರಕನಿ, ಹೆಂಡತಿ ಸುನೈನಾ. ಅವರ ಮನೆಲಿ ಕುಡಿತ್ತದು ಇಲ್ಲೆ, ಬಡಿತ್ತದು ಇಲ್ಲೆ, ಮಾತೂ ಇಲ್ಲೆ. ಮನಗೆ ಮಾತಾಡುವ ಯಂತ್ರ ಒಂದು ಬತ್ತು. ಕೇಳಿದ್ದಕ್ಕೆ ಉತ್ತರ ಕೊಡ್ತು ಹೇಳಿ ಹೆಂಡತಿ ಅದರ ಹತ್ತರೆಯೇ ಮನಸ್ಸಿನ ಬಿಚ್ಚುತ್ತು. ನಮ್ಮ ಮನೆಗಳಲ್ಲಿಯೂ "ಕಾಪಿ ಆತೋ?", "ಗ್ಯಾಸು ಬಂತೋ?", "ಮದ್ದು ತೆಕ್ಕೊಂಡಿರೋ?" ಇಷ್ಟರಲ್ಲೇ ದಿನ ಕಳಿತ್ತಲ್ಲದೋ? ಆ ಕಥೆ ನೋಡುವಗ ಎನ್ನ ಯಜಮಾನ್ರು ಪೇಪರಿನ ಮಡುಸಿ ಕರೇಲಿ ಮಡುಗಿದವು. ಎಂತದೂ ಹೇಳಿದ್ದವಿಲ್ಲೆ. ಮರದಿನ ಆನು ಅಡಕ್ಕೆ ಹೆರ್ಕಿಗೊಂಡಿಪ್ಪಗ ಹತ್ತರೆ ಬಂದು ಕೂದು, "ನೀನು ಸಣ್ಣಾದಿಪ್ಪಗ ಸಿನೆಮ ನೋಡ್ಲೆ ಎಲ್ಲಿಗೆ ಹೋಗಿಗೊಂಡಿತ್ತೆ?" ಹೇಳಿ ಕೇಳಿದವು. ಮದುವೆ ಆಗಿ ಮೂವತ್ತೆರಡು ವರ್ಷ ಆತು. ಇದರ ಕೇಳಿದ್ದು ಈಗ ಸುರು.

ಮೂರನೇದರ ಬೇಕು ಹೇಳಿಯೇ ಅಕೇರಿಗೆ ಒಳುಶಿದೆ. 'ಟರ್ಟಲ್ಸ್' ಹೇಳಿರೆ ಆಮೆಗೊ. ಚೆನ್ನೈಯ ಕಡಲಕರೆಗೆ ವರ್ಷದ ಸುರುವಾಣ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗೊ ಮೊಟ್ಟೆ ಮಡುಗುಲೆ ಬತ್ತವು. ಇರುಳಿಡೀ ಹೊಯಿಗೆಲಿ ನೆಡದು ಆ ಮೊಟ್ಟೆಗಳ ಕಾಪಾಡುವ ಜೆನಂಗಳೂ ಅಲ್ಲಿದ್ದವು. ಕಥೆಲಿ ಹೆಂಡತಿ ತೀರಿಹೋದ ಒಬ್ಬ ಪ್ರಾಯದೋರು, ಮದುವೆಯೇ ಆಗದ್ದ ಒಂದು ಪ್ರಾಯದ ಅಮ್ಮ. ಆ ಅಮ್ಮ ಆದ್ದು ಭರತನಾಟ್ಯದ ಲೀಲಾ ಸ್ಯಾಮ್ಸನ್. ಇಬ್ರಿಂಗೂ ಬೇಕಾದ್ದು ಮಾತಾಡ್ಲೆ ಒಂದು ಜೆನ.

ಇದರ ಎಂತಕೆ ಬರದೆ ಹೇಳಿರೆ, ನಮ್ಮ ಪೈಕಿಲಿಯೂ ಒಂದು ಅಮ್ಮ ಇದ್ದವು. ಹೆಸರು ಬೇಡ, ನಿಂಗೊಗೆ ಗೊಂತಾವುತ್ತು. ಗೆಂಡ ಹೋಗಿ ಒಂಬತ್ತು ವರ್ಷ ಆತು. ಮಕ್ಕೊ ಪರದೇಶಲ್ಲಿ. ಹೊತ್ತೋಪಗ ದೇವಸ್ಥಾನದ ಜಾಲಿಲಿ, ಎಲ್ಲೋರ ಎದುರೇ, ರಿಟೈರ್ ಆದ ಒಬ್ಬ ಮಾಷ್ಟ್ರ ಹತ್ತರೆ ಅರ್ಧ ಗಂಟೆ ಮಾತಾಡಿಗೊಂಡಿತ್ತವು. ಓ ಮೊನ್ನಾಣ ಉಪ್ನಾನಲ್ಲಿ ಹಂತಿಲಿ ಕೂದಿಪ್ಪಗ ಅದರ ಹೇಳಿ ನಾಲ್ಕು ಜೆನ ನೆಗೆ ಮಾಡಿದವು. ನೆಗೆ ಆ ಅಮ್ಮನ ಕೆಮಿಗೂ ಬಿದ್ದತ್ತು. ಈಗ ಅವು ದೇವಸ್ಥಾನಕ್ಕೆ ಹೋಪದನ್ನೇ ನಿಲ್ಸಿದ್ದವು. ಪೋನು ಮಾಡಿರೆ "ಕಾಲುಬೇನೆ" ಹೇಳ್ತವು.

ಮನುಷ್ಯರ ಹತ್ತರೆ ಮಾತಾಡಿರೆ ನೆಗೆ ಮಾಡ್ತರೆ, ಆ ಅಮ್ಮ ಎಂತ ಮಾಡೆಕ್ಕು? ಯಂತ್ರ ತಂದು ಮಡಿಕ್ಕೊಳೆಕ್ಕೋ?

ಬಪ್ಪ ಆದಿತ್ಯವಾರ ಸಿನೆಮ ನೋಡ್ಲೆ ಎಂಗಳಲ್ಲಿಗೆ ಬನ್ನಿ ಹೇಳಿ ಅವರತ್ರೆ ಹೇಳಿದ್ದೆ. "ನೋಡುವೊ" ಹೇಳಿದ್ದವು. ಪುರುಸೊತ್ತಿದ್ದರೆ ನಿಂಗಳೂ ಬನ್ನಿ. ಓಲೆಬೆಲ್ಲ ಹಾಕಿ ಪಾಯಸ ಮಾಡ್ತೆ. ಮಾಷ್ಟ್ರ ಸುದ್ದಿ ಮಾಂತ್ರ ಆರೂ ತೆಗವಲಾಗ. ತೆಗದರೂ, "ಅವು ಹೇಂಗಿದ್ದವು? ನಿಂಗೊ ಎಂತೆಲ್ಲ ಮಾತಾಡ್ತಿ?" ಹೇಳಿ ಕೇಳ್ಲೆ ಅಕ್ಕು.