ಹಳೂ ಹೊಡಿ, ಅಪ್ಪಾ

ನಮ್ಮ ಮಗನ ಕನ್ನಡ ಪುಣೆಯ ಕನ್ನಡ. ಮನೆಯೊಳಗೆ ಧಾರವಾಡದ ಮಾತು ಕೇಳುತ್ತಾ, ಓಣಿಯಲ್ಲಿ ಮರಾಠಿ ಆಡುತ್ತಾ ಬೆಳೆದವನು. ಇಂಗ್ಲೆಂಡಿಗೆ ಹೋಗಿ ಹದಿನಾಲ್ಕು ವರ್ಷವಾದರೂ 'ನಿಧಾನ' ಅನ್ನುವ ಶಬ್ದ ಅವನ ಬಾಯಲ್ಲಿ ಬರುವುದಿಲ್ಲ, 'ಹಳೂ' ಅಂತಲೇ ಅನ್ನುತ್ತಾನೆ. 2023ರ ಜೂನ್ ತಿಂಗಳಲ್ಲಿ ಮೂರು ದಿನ ನಾನು ಅವನಿಂದ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಇದೇ ಮಾತು: 'ಹಳೂ ಹೊಡಿ, ಅಪ್ಪಾ.'

ಆಗ ನಾವು ಗಂಡಹೆಂಡತಿ ಡರ್ಬಿಯಲ್ಲಿರುವ ಅವನ ಮನೆಗೆ ಎರಡು ತಿಂಗಳ ಮಟ್ಟಿಗೆ ಹೋಗಿದ್ದೆವು. ಒಂದು ದಿನ ಇದ್ದಕ್ಕಿದ್ದಂತೆ 'ರಜಾ ಹಾಕೀನಿ, ಸೈಕಲ್ ಮ್ಯಾಲೆ ಹೋಗಿ ಎರಡು ರಾತ್ರಿ ಟೆಂಟಿನಾಗ ಇದ್ದು ಬರೋಣು' ಅಂದ. ನನಗೆ ಆಗ ಅರವತ್ತೈದು. 'ಮನೀ ಇಲ್ಲದವ್ರು ಟೆಂಟಿನಾಗ ಮಲಗ್ತಾರ' ಅಂದು ನನ್ನ ಹೆಂಡತಿ ಸೊಸೆಯ ಜೊತೆ ಮನೆಯಲ್ಲೇ ಉಳಿದಳು. ಹಾಗಂದರೂ ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲಿ ಬಗೆಬಗೆಯ ಒಣ ತಿಂಡಿಯ ಪೊಟ್ಟಣ ನೋಡಿದ್ದೆ. ಖಡಕ್ ರೊಟ್ಟಿಯ ಮುಂದೆ ಅವೆಲ್ಲ ಸುಳ್ಳು. ಕೆಡುವುದಿಲ್ಲ, ಬೇಯಿಸಬೇಕಿಲ್ಲ.

ಡರ್ಬಿಯಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಆಶ್‌ಬರ್ನ್ ಅನ್ನುವ ಊರು. ಅಲ್ಲಿಂದ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳೊಳಗೆ 'ಟಿಸ್ಸಿಂಗ್ಟನ್ ಟ್ರೇಲ್' ಎಂಬ ದಾರಿ ಹೊರಡುತ್ತದೆ. ಹದಿಮೂರು ಮೈಲು, ಅಂದರೆ 21 ಕಿಲೋಮೀಟರು. 1899ರಲ್ಲಿ ಹಾಕಿದ ರೈಲುಹಾದಿ ಇದು. 1967ರಲ್ಲಿ ಮುಚ್ಚಿತು. ಹಳಿ ಕಿತ್ತ ಜಾಗವನ್ನು ಮನೆಗಾರರ, ಹೊಲದವರ ಒತ್ತುವರಿಗೆ ಬಿಡದೆ, 1971ರಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಅಂತ ತೆರೆದರು. ಮೋಟಾರಿಗೆ ಪ್ರವೇಶವಿಲ್ಲ. ಉಗಿಬಂಡಿಗೆ ಕಡಿದಾದ ಏರು ಆಗುವುದಿಲ್ಲವಲ್ಲ, ಆದ್ದರಿಂದ ಗುಡ್ಡ ಕಡಿದು, ತಗ್ಗು ತುಂಬಿ, ಹಾದಿಯನ್ನು ಮೆತ್ತಗೆ ಏರಿಸಿಕೊಂಡು ಹೋಗಿದ್ದಾರೆ. ಯಾರೋ ಆ ಕಾಲದ ಎಂಜಿನಿಯರು ನನ್ನ ಮೊಣಕಾಲು ನೋಡಿಯೇ ಹಾಕಿದ ಹಾಗಿತ್ತು. ಶುರುವಿನಲ್ಲಿ ಮಾತ್ರ ಒಂದು ಹಳ್ಳ. ಅದರ ಮೇಲಿನ ಹಳೆಯ ಸೇತುವೆ ತೆಗೆದುಬಿಟ್ಟಿದ್ದಾರೆ, ಹಾಗಾಗಿ ಸರ‍್ರನೆ ಇಳಿದು ಮತ್ತೆ ಹತ್ತಬೇಕು.

'ಬಾಡಿಗೀಗೆ ಎಲೆಕ್ಟ್ರಿಕ್ ಸೈಕಲ್ ಸಿಗ್ತಾವ, ನೀ ಒಂದು ತಗೋ' ಅಂದಿದ್ದ ಮಗ. ನಾನು ಒಪ್ಪಲಿಲ್ಲ. ಅವನ ಗೆಳೆಯನ ಗೇರಿನ ಸೈಕಲ್ಲೇ ಸಾಕು ಅಂದೆ. ನಾಲ್ಕನೇ ಮೈಲಿನಲ್ಲಿ ಎಪ್ಪತ್ತೈದಾದರೂ ಆಗಿರಬೇಕಾದ ಒಬ್ಬ ಅಜ್ಜಿ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಗಂಟೆ ಬಾರಿಸಿ, 'ಮಾರ್ನಿಂಗ್' ಅಂದು ನನ್ನನ್ನು ದಾಟಿಹೋದಳು. ಮಗ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ನಾನು ಜೋರಾಗಿ ತುಳಿಯುತ್ತಿದ್ದೆ ಅನ್ನುವುದು ನಿಜ. ಮುದ್ದಾಂ ಅಲ್ಲ, ಕಾಲಿನ ರೂಢಿ. ನಮ್ಮ ಕಾಲದಲ್ಲಿ ಸೈಕಲ್ಲು ಅಂದರೆ ಎಲ್ಲಿಗೋ ಮುಟ್ಟಬೇಕಾದ ಕೆಲಸ. ಪುಣೆಯಲ್ಲಿ ಫ್ಯಾಕ್ಟರಿಗೆ ಏಳರ ಪಾಳಿಗೆ ಮುಟ್ಟಬೇಕು, ಎರಡು ನಿಮಿಷ ತಡವಾದರೆ ಅರ್ಧ ದಿನದ ಪಗಾರ ಹೋಯಿತು. ಆಗಿನ ಪುಣೆಗೆ ಸೈಕಲ್ಲುಗಳ ಊರು ಅಂತಲೇ ಹೆಸರು. ಆದರೆ ಸುಮ್ಮನೆ ಗಾಳಿಗೆ ಅಂತ ಸೈಕಲ್ ಹೊಡೆದವರನ್ನು ನಾನಂತೂ ಕಾಣೆ. ಇಲ್ಲಿ ಜನ ಹತ್ತು ಹೆಜ್ಜೆಗೊಮ್ಮೆ ಇಳಿದು ಕುರಿ ನೋಡುತ್ತಾರೆ. ಹೊಲಗಳ ನಡುವೆ ಗಾರೆ ಹಾಕದೆ ಬರೀ ಸುಣ್ಣಕಲ್ಲು ಪೇರಿಸಿದ ಬೂದು ಗೋಡೆಗಳು. ಹಾದಿಯ ಎರಡೂ ಬದಿಗೆ ಕೊತ್ತಂಬರಿ ಹೂವಿನಂಥ ಬಿಳಿ ಹೂವು. ಟಿಸ್ಸಿಂಗ್ಟನ್ನಿನಲ್ಲಿ ಹಳೆಯ ಸ್ಟೇಶನ್ನಿನ ಜಾಗದಲ್ಲಿ ಚಹಾ ಕುಡಿದೆವು. ಅರ್ಧ ತಾಸು ಕೂತಿರಬೇಕು. 'ಹೊರಡೋಣೇನು?' ಅಂತ ನಾನು ಮೂರು ಸಲ ಕೇಳಿದೆ. 'ಎಲ್ಲಿಗೆ?' ಅಂದ ಅವನು.

ಆ ದೇಶದಲ್ಲಿ ಎಲ್ಲೆಂದರಲ್ಲಿ ಟೆಂಟು ಹಾಕುವ ಹಾಗಿಲ್ಲ. ಹೊಲದ ಒಡೆಯನ ಒಪ್ಪಿಗೆ ಬೇಕು. ಹಾರ್ಟಿಂಗ್ಟನ್ ಎಂಬ ಹಳ್ಳಿಯ ಹತ್ತಿರ ಒಬ್ಬ ರೈತ ತನ್ನ ಹುಲ್ಲುಗಾವಲಿನ ಒಂದು ಭಾಗವನ್ನೇ ಕ್ಯಾಂಪಿಗೆ ಬಿಟ್ಟಿದ್ದ. ಒಂದು ನಳ, ಬಿಸಿನೀರಿನ ಸ್ನಾನದ ಕೋಣೆ, ಶೌಚಾಲಯ. ಅಷ್ಟಕ್ಕೆ ರಾತ್ರಿಗೆ ಇಷ್ಟು ಅಂತ ಹಣ. 'ಗೇಟು ತೆರೆದರೆ ಮುಚ್ಚಿ' ಅನ್ನುವುದೊಂದೇ ಅವನ ಕಾನೂನು. ಟೆಂಟು ನಿಲ್ಲಿಸುವಾಗ ನಾನು ಗೂಟವನ್ನು ನೆಟ್ಟಗೆ ಹೊಡೆದೆ. ಮಗ ಅದನ್ನು ಕಿತ್ತು, ತಲೆ ಟೆಂಟಿನಿಂದ ಆಚೆಗೆ ವಾಲುವ ಹಾಗೆ ಓರೆಯಾಗಿ ಹೊಡೆದ. ಹಗ್ಗ ಜಗ್ಗಿದಷ್ಟೂ ಗಟ್ಟಿಯಾಗುತ್ತದಂತೆ. ದನ ಕಟ್ಟುವ ಗೂಟ ಹೊಡೆದ ಮನೆತನದವನಿಗೆ ಇದನ್ನು ಕಂಪ್ಯೂಟರ್ ಕಲಿತವನು ಹೇಳಿಕೊಡಬೇಕಾಯಿತು.

ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಹತ್ತರವರೆಗೂ ಬೆಳಕು. ಊಟ ಮಾಡಿ, ಪಾತ್ರೆ ತೊಳೆದು, ಮಲಗಬೇಕೆಂದರೆ ಇನ್ನೂ ಹಗಲು. ಮಾಡಲಿಕ್ಕೆ ಏನೂ ಇಲ್ಲ. ಮಾತಾಡಬೇಕು, ಇಲ್ಲವೆ ಸುಮ್ಮನಿರಬೇಕು. ಪುಣೆಯ ಮನೆಯಲ್ಲಿ ನಾವಿಬ್ಬರೂ ಹೀಗೆ ಸಿಕ್ಕಿಬಿದ್ದದ್ದೇ ಇಲ್ಲ.

'ಅಜ್ಜನ ಸೈಕಲ್ ಎಲ್ಲಿ ಹೋತು?' ಅಂತ ಕೇಳಿದ.

ನಮ್ಮಪ್ಪ ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಸಾಲಿ ಮಾಸ್ತರರು. ಅವರದು ರ‍್ಯಾಲಿ ಸೈಕಲ್ಲು. ಮುಂದೆ ಕೊಕ್ಕರೆ ತಲೆಯ ಬಿಲ್ಲೆ, ಅದರ ಮೇಲೆ ನಾಟಿಂಗ್‌ಹ್ಯಾಮ್ ಅಂತ ಬರೆದದ್ದು. ನಾನು ಕೂಡಿಸಿಕೊಂಡು ಓದಿದ ಮೊದಲ ಇಂಗ್ಲಿಷ್ ಊರಿನ ಹೆಸರು ಅದು. 1983ರಲ್ಲಿ ನನಗೆ ಪುಣೆಯಲ್ಲಿ ನೌಕರಿ ಸಿಕ್ಕಾಗ ಅಪ್ಪ ಆ ಸೈಕಲ್ಲಿಗೆ ಹುಲ್ಲು ಸುತ್ತಿ, ಗೋಣಿತಟ್ಟು ಹೊಲಿದು, ರೈಲಿಗೆ ಹಾಕಿಕೊಟ್ಟರು. ಮಿರಜಿನವರೆಗೆ ಮೀಟರ್‌ಗೇಜು, ಅಲ್ಲಿಂದ ಬ್ರಾಡ್‌ಗೇಜು. ಅಲ್ಲಿ ಹಮಾಲರ ಹಿಂದೆ ಓಡಿ ನಾನೇ ನಿಂತು ಗಾಡಿ ಬದಲಿಸಿದೆ. ಅಪ್ಪ ಅಂದಿನಿಂದ ಸಾಲಿಗೆ ನಡೆದು ಹೋಗುತ್ತಿದ್ದರು ಅಂತ ಅವ್ವ ಬರೆಸಿದ ಪತ್ರದಿಂದ ಆಮೇಲೆ ಗೊತ್ತಾಯಿತು.

1991ರಲ್ಲಿ ಸ್ಕೂಟರ್ ತಗೊಂಡೆ. ಸೈಕಲ್ಲು ಜಿನೆಯ ಕೆಳಗೆ ತುಕ್ಕು ಹಿಡಿಯಿತು. ಒಂದು ರವಿವಾರ ಭಂಗಾರವಾಲಾ ಬಂದಾಗ ತೂಗಿ ಹಾಕಿಬಿಟ್ಟೆ. ಎರಡು ವರ್ಷದ ಮೇಲೆ ಅಪ್ಪ ಬಂದರು. 'ನಮ್ಮ ಸೈಕಲ್ ಎಲ್ಲೈತೋ?' ಅಂದರು. 'ಗೆಳೆಯಾ ಒಯ್ದಾನ್ರೀ, ನಾಳೆ ತರ್ತಾನ' ಅಂದೆ. ನಾಲ್ಕು ದಿನ ಇದ್ದರು. ದಿನಾ ಮುಂಜಾನೆ ಕೆಳಗಿಳಿದು ಜಿನೆಯ ಕೆಳಗೆ ನೋಡಿ ಬರುತ್ತಿದ್ದರು. ಓಣಿಯಲ್ಲಿ ಗುಜರಿಯವನು 'ಭಂಗಾರ್‌ವಾಲೇ' ಅಂತ ಕೂಗಿದ್ದು ಕೇಳಿ, 'ಇಲ್ಲಿ ಬಂಗಾರ ಓಣ್ಯಾಗ ಹೊತ್ತು ಮಾರ್ತಾರೇನೋ?' ಅಂತ ನಕ್ಕರು. ನಾನೂ ನಕ್ಕೆ. ಮತ್ತೆ ಕೇಳದೆ ಊರಿಗೆ ಹೋದರು. 1996ರಲ್ಲಿ ತೀರಿಕೊಂಡರು.

ಇದನ್ನೆಲ್ಲ ನಾನು ಹೆಂಡತಿಗೂ ಹೇಳಿರಲಿಲ್ಲ. ಮಗ ಬಹಳ ಹೊತ್ತು ಮಾತಾಡಲಿಲ್ಲ, ಮಲಗಿದ ಅಂದುಕೊಂಡೆ. ಆಮೇಲೆ ಅಂದ: 'ಅಪ್ಪಾ, ನಾ ಓದಿದ ಕ್ಯಾಂಪಸ್ ಅದಲಾ, ಅದು ರ‍್ಯಾಲಿ ಫ್ಯಾಕ್ಟರಿ ಜಾಗಾನ.' ನಾಟಿಂಗ್‌ಹ್ಯಾಮಿನ ಆ ಕಾರ್ಖಾನೆಯಲ್ಲಿ ಸೈಕಲ್ ಮಾಡುವುದು 2002ರಲ್ಲಿ ನಿಂತುಹೋಗಿದೆ. ಜಾಗ ವಿಶ್ವವಿದ್ಯಾಲಯಕ್ಕೆ ಹೋಗಿದೆ. ಅವನು ಅಲ್ಲಿ ಓದುವಾಗ ನಾನು ಪ್ರತಿ ತಿಂಗಳು ಹಣ ಕಳಿಸಿದ್ದೇನೆ, ವಿಳಾಸ ನೂರು ಸಲ ಬರೆದಿದ್ದೇನೆ. ಕೊಕ್ಕರೆಯ ಬಿಲ್ಲೆ ಒಮ್ಮೆಯೂ ನೆನಪಾಗಿರಲಿಲ್ಲ.

ಆ ರಾತ್ರಿ ಚಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಮೊದಲೇ ಬೆಳಕು, ಕುರಿಗಳ ಗದ್ದಲ. ಮಗ ಎದ್ದು ಗ್ಯಾಸಿನ ಸಣ್ಣ ಒಲೆಯ ಮೇಲೆ ಚಹಾ ಮಾಡಿಕೊಟ್ಟ. ರಾತ್ರಿಯ ಮಾತು ಇಬ್ಬರೂ ಎತ್ತಲಿಲ್ಲ. ಎರಡನೇ ದಿನ ಹಾರ್ಟಿಂಗ್ಟನ್ನಿನ ಬಾತುಕೋಳಿಯ ಹೊಂಡದ ದಂಡೆಯಲ್ಲೇ ಅರ್ಧ ಹಗಲು ಹೋಯಿತು. ಸ್ಟಿಲ್ಟನ್ ಅನ್ನುವ ನೀಲಿ ಗೆರೆಯ ಚೀಸನ್ನು ಮೂರೇ ಜಿಲ್ಲೆಗಳಲ್ಲಿ ಮಾಡಬಹುದಂತೆ, ಅದರಲ್ಲಿ ಇದೂ ಒಂದು. ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಚಟ್ನಿಯೇ ವಾಸಿ. ಅವತ್ತು 'ಹೊರಡೋಣೇನು' ಅಂತ ನಾನು ಕೇಳಲಿಲ್ಲ.

ಮೂರನೇ ದಿನ ವಾಪಸು. ಬರುವಾಗ ಏರಿದ್ದೆಲ್ಲ ಈಗ ಇಳಿಜಾರು. ಮೈಲುಗಟ್ಟಲೆ ಪೆಡಲ್ ತುಳಿಯದೆ ಕಾಲು ಬಿಟ್ಟುಕೊಂಡು ಕೂತೆ. ಮಗ ಹಿಂದಿನಿಂದ 'ಹಳೂ, ಹಳೂ' ಅನ್ನುತ್ತಲೇ ಇದ್ದ. ಕೊನೆಯ ಆ ಸೇತುವೆಯಿಲ್ಲದ ಹಳ್ಳದಲ್ಲಿ ಮಾತ್ರ ನನಗೆ ಏರಲಾಗದೆ ಇಳಿದು ನೂಕಿದೆ. ಅವನು ಮುಂದೆ ಹೋಗಿ ತನ್ನ ಸೈಕಲ್ಲನ್ನು ಮೇಲೆ ನಿಲ್ಲಿಸಿ, ಇಳಿದು ಬಂದು, ನನ್ನದನ್ನು ಹಿಂದಿನಿಂದ ಹಿಡಿದ.

ಸಂಜೆ ಗೆಳೆಯನಿಗೆ ಸೈಕಲ್ ಮರಳಿಸುವಾಗ ಆತ 'ಹೇಗಿತ್ತು?' ಅಂತ ಕೇಳಿದ. ಸೈಕಲ್ಲು ಬಹಳ ಚೆನ್ನಾಗಿದೆ, ಸೀಟು ಮಾತ್ರ ಬದಲಿಸಪ್ಪಾ ಅಂದೆ. ಆಮೇಲೆ ಎರಡು ದಿನ ನಾನು ದಿಂಬಿಲ್ಲದೆ ಕುರ್ಚಿಯ ಮೇಲೆ ಕೂತಿಲ್ಲ.